ಪೂವಕ್ಕನಿಗಾಗಿ ಒಂದು ಪ್ರಾರ್ಥನೆ

“ಮಾವ ಅಂತ ಹೇಳಿದರೆ ಆಗುವುದಿಲ್ಲ ಮಾಸ್ಟ್ರೇ. ಅಪ್ಪ, ಅಮ್ಮ, ಹೆಂಡತಿ, ಮಕ್ಕಳು. ಇಷ್ಟೇ ಜನ ಸಾಯಬಹುದು.”

ಇಬ್ರಾಹಿಂ ನಗಲಿಲ್ಲ. ಕೊಲ್ಲಿ ದೇಶದ ಆ ಶಾಲೆಯ ವೀಸಾ, ಪರ್ಮಿಟ್ಟುಗಳ ಓಡಾಟವೆಲ್ಲ ಅವನದು, ಉಪ್ಪಿನಂಗಡಿಯವನು. ದೇಶ ಬಿಡಬೇಕಾದರೆ ಕಫೀಲನ, ಎಂದರೆ ವೀಸಾ ಕೊಟ್ಟ ಅರಬ್ಬಿ ಯಜಮಾನನ, ಒಪ್ಪಿಗೆ ಬೇಕು. ಪಾಠದ ದಿನಗಳ ನಡುವೆ ಅದು ಸಿಗುವುದು ಹತ್ತಿರದವರ ಸಾವಿಗೆ ಮಾತ್ರ.

“ಮಾವನೇ ನನಗೆ ಹತ್ತಿರ,” ಎಂದ ವಾಮನ.

“ನನಗೆ ಗೊತ್ತುಂಟು. ನಿಮ್ಮ ಅಳಿಯಕಟ್ಟನ್ನು, ಮನೆತನ ಮಾವನಿಂದ ಅಕ್ಕನ ಮಗನಿಗೆ ಬರುವುದನ್ನು, ಈ ಅರಬ್ಬಿಗೆ ಹೇಗೆ ಬಿಡಿಸಿ ಹೇಳುವುದು? ಅಪ್ಪ ಅನ್ನುವ ಅಂದರೆ ಅವರು ಆಗಲೇ ಫೈಲಿನಲ್ಲಿ ಸತ್ತಿದ್ದಾರೆ.”

“ಅವರು ನಿಜವಾಗಿಯೂ ಸತ್ತದ್ದು.”

“ಅದೇ ತೊಂದರೆ. ಇನ್ನು ಉಳಿದದ್ದು...” ಇಬ್ರಾಹಿಂ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿದ. “ನಾನೇನೂ ಹೇಳಲಿಲ್ಲ. ನೀವು ಯೋಚಿಸಿ. ಕಫೀಲ ಉತ್ತರದ ಅಲ್ ಶಮಾಲ್ ತೀರಕ್ಕೆ ಮೀನು ಹಿಡಿಯಲು ಹೋಗಿದ್ದಾನೆ. ಮಧ್ಯಾಹ್ನ ಹೊರಡುವ.”

ಗಂಟೆ ಹೊಡೆಯಿತು. ವಾಮನ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದ.

ಅಮ್ಮನ ತಮ್ಮ ಸಂಕಪ್ಪ ಮಾವನನ್ನು ಊರಿನಲ್ಲಿ ಸುಟ್ಟಾಗಿತ್ತು. ನಾಡಿದ್ದು ಬೊಜ್ಜ, ಉತ್ತರಕ್ರಿಯೆಯ ದಿನ. ಅಂದು ಅಳಿಯನಾದವನು ಎಲೆ ಹಾಕಿ, ಬಡಿಸಿ, ಕೈಮುಗಿದು ಕರೆದರೆ ಸತ್ತವರು ಹಿರಿಯರನ್ನು ಸೇರುತ್ತಾರೆ. ಇಲ್ಲವಾದರೆ ಅಂಗಳದ ಹೊರಗೆ ನಿಲ್ಲುತ್ತಾರೆ. ಆ ಮನೆಗೆ ವಾಮನನೊಬ್ಬನೇ ಅಳಿಯ. ಅಪ್ಪ ನೆಂಟನಂತೆ ಬಂದುಹೋಗುತ್ತಿದ್ದವನು. ಅಕ್ಷರ ತಿದ್ದಿಸಿದ್ದು, ಬೆತ್ತ ಹಿಡಿದದ್ದು, ಜ್ವರ ಬಂದಾಗ ದೈವಕ್ಕೆ ಹರಕೆ ಹೊತ್ತದ್ದು ಮಾವ.

ವಾಮನ ಇದನ್ನೆಲ್ಲ ನಂಬುತ್ತಿದ್ದನೋ ಇಲ್ಲವೋ ಅವನಿಗೇ ತಿಳಿಯದು. ನಂಬಿಕೆಯಿಲ್ಲದವನಿಗೆ ಇಷ್ಟೊಂದು ಸಂಕಟವೇಕೆ ಎಂಬುದೂ ತಿಳಿಯಲಿಲ್ಲ.

“ನೀನು ಬಾರದೆ ಎಲೆ ಹಾಕಲು ನಾನು ಬಿಡುವುದಿಲ್ಲ,” ಎಂದು ನಿನ್ನೆ ಅಮ್ಮ ಫೋನಿನಲ್ಲಿ ಹೇಳಿದ್ದಳು. ತಮ್ಮ ಸತ್ತಿದ್ದರೂ ಅಮ್ಮನ ಸ್ವರ ಗಟ್ಟಿಯಾಗಿತ್ತು.

ತರಗತಿಯಲ್ಲಿ ಗ್ರೀಕರ ಹಳೆಯ ಕಾವ್ಯದ ಪಾಠ. ಯುದ್ಧ ಗೆದ್ದ ರಾಜನೊಬ್ಬ ಊರಿಗೆ ಮರಳಲು ವರ್ಷಗಟ್ಟಲೆ ಸಮುದ್ರದಲ್ಲಿ ಅಲೆಯುವ ಕಥೆ. ಮಕ್ಕಳಿಗಾಗಿ ಚಿಕ್ಕದು ಮಾಡಿದ್ದು.

“ಸರ್, ಆ ದ್ವೀಪದ ದೇವತೆ ಅವನನ್ನು ಯಾಕೆ ಬಿಡಲಿಲ್ಲ?” ಹಿಂದಿನ ಬೆಂಚಿನ ರೋಶನ್ ಕೇಳಿದ.

“ಅವಳಿಗೆ ಇಷ್ಟವಿರಲಿಲ್ಲ.”

“ಎಕ್ಸಿಟ್ ಪರ್ಮಿಟ್ ಕೊಡಲಿಲ್ವಾ ಸರ್?”

ತರಗತಿಯೆಲ್ಲ ನಕ್ಕಿತು. ಎಲ್ಲರ ಮನೆಯಲ್ಲೂ ಗೊತ್ತಿರುವ ಮಾತು. ವಾಮನ ನಗು ನಿಲ್ಲುವವರೆಗೆ ಕಾದು ಮುಂದೆ ಓದಿದ. ರಾಜ ಊರಿನ ದಾರಿ ಕೇಳಲು ಸತ್ತವರ ಲೋಕಕ್ಕೆ ಹೋಗುತ್ತಾನೆ. ಅಲ್ಲಿ ನೆರಳುಗಳ ನಡುವೆ ತನ್ನ ತಾಯಿಯನ್ನು ಕಾಣುತ್ತಾನೆ. ಮೂರು ಸಲ ತಬ್ಬಿಕೊಳ್ಳಲು ಹೋಗುತ್ತಾನೆ. ಮೂರು ಸಲವೂ ತೋಳಿನಲ್ಲಿ ಏನೂ ಉಳಿಯುವುದಿಲ್ಲ.

ಹಿಬಾ ಕೈಯೆತ್ತಿದಳು. “ಸರ್, ಅವನು ಹೊರಡುವಾಗ ಅಮ್ಮ ಬದುಕಿದ್ದಳಲ್ವಾ? ಯಾರು ಕೊಂದದ್ದು?”

“ಯಾರೂ ಕೊಲ್ಲಲಿಲ್ಲ. ಮಗನಿಗೆ ಕಾದು ಕಾದು ಸತ್ತಳು.”

“ಹಾಗಾದರೆ ಅವನೇ ಅಲ್ವಾ ಸರ್?”

“ಮುಂದಿನ ಪುಟ,” ಎಂದ ವಾಮನ.

ಮಧ್ಯಾಹ್ನ ಇಬ್ರಾಹಿಂನ ಕಾರು ಉತ್ತರಕ್ಕೆ ಓಡಿತು. ಲುಸೈಲಿನ ಕಡೆ ಮರಳಿನ ಮೇಲೆ ಕ್ರೇನುಗಳು ಸುಮ್ಮನೆ ನಿಂತಿದ್ದವು. ವಿಮಾನ ನಿಲ್ದಾಣ ಬೆನ್ನ ಹಿಂದೆ ದೂರವಾಗುತ್ತಿತ್ತು. ಊರಿಗೆ ಹೋಗಲು ಮೊದಲು ಊರಿನಿಂದ ಇನ್ನಷ್ಟು ದೂರ ಹೋಗಬೇಕು. ಇದರಲ್ಲಿ ನಗುವಂಥದ್ದೇನೋ ಇದೆ ಎನ್ನಿಸಿತು. ನಗು ಬರಲಿಲ್ಲ.

“ಇದ್ದದ್ದನ್ನು ಇದ್ದ ಹಾಗೆ ಹೇಳಿ ನೋಡುವ,” ಎಂದ ವಾಮನ.

“ಹೋದ ವರ್ಷ ಸೈಮನ್ ಸರ್ ಹೇಳಿ ನೋಡಿದರು. ಸಾಕಿದ ಚಿಕ್ಕಮ್ಮ ಅಂತ. ಕಫೀಲ ಮಾಫಿ ಅಂದ, ಇಲ್ಲವೆಂದರೆ ಇಲ್ಲ. ಅವರು ಸ್ಟಾಫ್ ರೂಮಿನಲ್ಲಿ ಕೂತು ಅತ್ತರು.” ಇಬ್ರಾಹಿಂ ಗೇರ್ ಬದಲಿಸಿದ. “ನನ್ನನ್ನು ಹೆತ್ತ ಉಮ್ಮ ತೀರಿದಾಗ ಪಾಸ್‌ಪೋರ್ಟ್ ಆಗಿನ ಕಫೀಲನ ಕಪಾಟಿನಲ್ಲಿ, ಅದರ ಕೀಲಿ ಅವನ ಜೊತೆ ಲಂಡನ್ನಿನಲ್ಲಿ. ಸುಳ್ಳಿನ ಪಾಪ ನನಗಿರಲಿ ಮಾಸ್ಟ್ರೇ. ನೀವು ತಲೆ ತಗ್ಗಿಸಿ ನಿಂತರೆ ಸಾಕು.”

ವಾಮನ ಕಿಟಕಿಯ ಗಾಜು ಏರಿಸಿದ.

ತೀರದಲ್ಲಿ ಕಾದರು. ಕಫೀಲನ ಫೋನಿಗೆ ಸಮುದ್ರದಲ್ಲಿ ರೇಂಜ್ ಇರಲಿಲ್ಲ. ಇಬ್ರಾಹಿಂ ಎರಡು ಸಲ ಚಹಾ ತಂದ. ಪ್ರತಿ ದೋಣಿಯನ್ನೂ ಅದೇ ಎಂದು ತೋರಿಸಿದ, ಪ್ರತಿ ಸಲವೂ ಅಲ್ಲ ಎಂದ. ಬಿಸಿಲು ಇಳಿದ ಮೇಲೆ ನಿಜವಾದ ದೋಣಿ ಬಂತು.

ಕಫೀಲ ಮುದುಕ. ಒದ್ದೆಯಾದ ನಿಲುವಂಗಿಯಲ್ಲೇ ಇಳಿದು ಬಂದ. ಇಬ್ರಾಹಿಂ ಅರಬ್ಬಿಯಲ್ಲಿ ಹೇಳಿದ್ದರಲ್ಲಿ ವಾಮನನಿಗೆ ತಿಳಿದದ್ದು ಒಂದೇ ಮಾತು, ಉಮ್ಮ. ಅವನು ತಲೆ ತಗ್ಗಿಸಿದ. ಅಷ್ಟು ಸುಲಭವಾಗಿತ್ತು.

ಮುದುಕನ ಕೈ ಅವನ ಭುಜದ ಮೇಲೆ ಬಂತು. ತಣ್ಣಗಿತ್ತು, ಉಪ್ಪಿನ ವಾಸನೆ. ಮುದುಕ ಏನೋ ಕೇಳಿದ.

“ಅಮ್ಮನ ಹೆಸರು ಕೇಳ್ತಿದ್ದಾರೆ ಮಾಸ್ಟ್ರೇ.”

ಬೇರೆ ಯಾವ ಹೆಸರನ್ನಾದರೂ ಹೇಳಬಹುದಿತ್ತು. ಹೊಳೆಯಲಿಲ್ಲ.

“ಪೂವಕ್ಕ.”

“ಬೂವಕ್ಕ,” ಎಂದು ಮುದುಕ ನಾಲಿಗೆಯಲ್ಲಿ ಹೊರಳಿಸಿ ನೋಡಿದ. ಅಂಗೈಗಳನ್ನು ಮೇಲೆತ್ತಿದ. ದೋಣಿಯ ಆಳುಗಳೂ ಬಲೆ ಬಿಟ್ಟು ಅಂಗೈ ಎತ್ತಿದರು. ಇಬ್ರಾಹಿಂ ಒಂದು ಕ್ಷಣ ತಡೆದು, ವಾಮನನ ಮುಖ ನೋಡದೆ, ತಾನೂ ಎತ್ತಿದ. ಪ್ರಾರ್ಥನೆಯ ನಡುವೆ ಆ ಹೆಸರು ಮತ್ತೆ ಬಂತು. ಮುದುಕನ ಕಣ್ಣು ನಿಜವಾಗಿಯೂ ತೇವವಾಗಿತ್ತು.

ಕಪಟವಿಲ್ಲದ ಪ್ರಾರ್ಥನೆ ಯಾರ ಬಾಯಿಂದ ಬಂದರೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ ಎಂದು ಸಂಕಪ್ಪ ಮಾವ ಹೇಳುತ್ತಿದ್ದ. ಮುದುಕನಲ್ಲಿ ಕಪಟವಿರಲಿಲ್ಲ. ಹೆಸರು ಸರಿಯಾಗಿತ್ತು.

“ಖಲಾಸ್,” ಎಂದ ಇಬ್ರಾಹಿಂ, ಮುದುಕ ದೋಣಿಯ ಕಡೆ ಹೋದ ಮೇಲೆ. “ನಾಳೆ ಬೆಳಿಗ್ಗೆ ಪರ್ಮಿಟ್, ಸಂಜೆ ವಿಮಾನ. ಮನೆಗೆ ಫೋನ್ ಮಾಡಿ. ಎಂತ ಮಾರಾಯ್ರೆ, ಹಾಗೆ ನೋಡ್ತೀರಿ?”

ಆಳೊಬ್ಬ ಬಂದು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಮೂರ್ ಮೀನು ಕೊಟ್ಟ. ದುಃಖದ ಮನೆಗೆ ಕಫೀಲ ಕಳಿಸಿದ್ದು. ಬೊಜ್ಜ ಮುಗಿಯುವವರೆಗೆ ಸೂತಕದವರು ಮೀನು ಮುಟ್ಟುವಂತಿಲ್ಲ. ವಾಮನ ಎರಡೂ ಕೈಯಲ್ಲಿ ತೆಗೆದುಕೊಂಡ. ಕಾಲ ಬಳಿ ಇಟ್ಟು ಫೋನ್ ಒತ್ತಿದ.

“ಹಲೋ?” ಅಮ್ಮನ ಸ್ವರ.

“ಅಮ್ಮ, ನಾನು. ಪರ್ಮಿಟ್ ಸಿಕ್ಕಿತು.”

“ಹಲೋ? ಯಾರು?”

“ನಾನಮ್ಮ, ವಾಮನ. ಕೇಳ್ತದಾ?”

“ಹಲೋ... ಯಾರು ಮಾತಾಡುವುದು?”

ಮೂರನೆಯ ಸಲ ಅವನು ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಆಚೆ ಪಾತ್ರೆ ಎಳೆಯುವ ಸದ್ದು, ಜನರ ಓಡಾಟ.

“ಯಾರಂತೆ ಪೂವಕ್ಕಾ?” ಎಂದು ಒಳಗಿನಿಂದ ಒಬ್ಬಳು ಕೇಳಿದಳು.

“ಯಾರೂ ಅಲ್ಲ. ಬರೀ ಗಾಳಿ.”

ಆದರೆ ಅಮ್ಮ ಫೋನ್ ಇಡಲಿಲ್ಲ. ಅವಳ ಉಸಿರು ಅವನ ಕಿವಿಯೊಳಗೆ ಬಂದುಹೋಗುತ್ತಿತ್ತು. ಅವನು ಅದನ್ನೇ ಕೇಳುತ್ತ ನಿಂತ. ಕಾಲ ಬಳಿ ಚೀಲದೊಳಗೆ ಮೀನು ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.