ಏಳೆಂಟ್ಲ ಎಷ್ಟು?

ಕೀಲ್ಪಾಕ್‌ನ ನಮ್ಮ ಶಾಲೆಯಲ್ಲಿ ಆಗಾಗ ಟೀಚರುಗಳಿಗೆ ತರಬೇತಿ ಇರುತ್ತದೆ. ಎಲ್ಲಿಂದಲೋ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದು, ಚಿಕ್ಕ ಮಕ್ಕಳ ಮನಸ್ಸನ್ನು ಗೆಲ್ಲುವುದು ಹೇಗೆಂದು ಸಂಜೆಯವರೆಗೆ ಹೇಳಿ, ನಮಗೆಲ್ಲ ಒಂದೊಂದು ಹಾಳೆ ನಕ್ಷತ್ರದ ಸ್ಟಿಕ್ಕರ್ ಕೊಟ್ಟು ಹೋಗುತ್ತಾರೆ. ಆ ಮಹಾನುಭಾವರನ್ನು ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ನನ್ನ ಮೂರನೇ ಕ್ಲಾಸಿನ ಮುಂದೆ ಒಮ್ಮೆ ನಿಲ್ಲಿಸಬೇಕೆಂಬ ಆಸೆ ನನಗಿದೆ. ಇರಲಿ. ಸ್ಟಿಕ್ಕರುಗಳನ್ನು ನಾನೂ ಅಂಟಿಸಿದ್ದೇನೆ. ಆದರೆ ಸತ್ಯಾತ್ಮನ ವಿಷಯದಲ್ಲಿ ಅವು ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಸತ್ಯಾತ್ಮ ಜೂನಿನಲ್ಲಿ ನಂಜನಗೂಡಿನಿಂದ ಈ ತಮಿಳು ಊರಿಗೆ ಬಂದು ಸೇರಿದ ಹುಡುಗ. ಅವನಪ್ಪ ಸುರೇಶನಿಗೆ ಎಗ್ಮೋರಿನ ಇನ್ಶೂರೆನ್ಸ್ ಆಫೀಸಿಗೆ ವರ್ಗವಾಗಿತ್ತು. ಹುಡುಗನದು ಮುದ್ದು ಮುಖ, ಅಚ್ಚುಕಟ್ಟು ಅಕ್ಷರ. ಬಾಯಿಗೆ ಮಾತ್ರ ಬೀಗ. ಲೆಕ್ಕದ ಪೀರಿಯಡ್ಡಿನಲ್ಲಿ ನಾನು "ಸಿಕ್ಸ್ ಫೋರ್ಸ್?" ಎನ್ನುವಷ್ಟರಲ್ಲಿ ಹರ್ಷಿಣಿಯ ಕೈ ಮೇಲಿರುತ್ತಿತ್ತು. ಪ್ರಶ್ನೆ ಮುಗಿಯುವವರೆಗೆ ಆ ಹುಡುಗಿ ಕಾಯುವುದೇ ನಮಗೆ ಮಾಡುವ ದೊಡ್ಡ ಉಪಕಾರ. ಸತ್ಯಾತ್ಮ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದ.

ಕ್ವಾರ್ಟರ್ಲಿ ಪರೀಕ್ಷೆ ಮುಗಿದ ಮೇಲೆ ಹೆಡ್‌ಮಿಸ್ ನನ್ನನ್ನು ಕರೆಸಿ, ಅವನನ್ನು ಮೇಲಿನ ರೂಮಿಗೆ ಕಳಿಸೋಣ ಎಂದರು. ಮೇಲಿನ ರೂಮೆಂದರೆ ಕಲಿಕೆಯಲ್ಲಿ ಹಿಂದಿರುವ ಮಕ್ಕಳಿಗೆಂದು ಮಾಡಿದ ಬೇರೆ ಕ್ಲಾಸು. ಹತ್ತಿ ಹೋದವರು ಇಳಿದು ಬಂದದ್ದನ್ನು ನಾನಂತೂ ಕಂಡಿಲ್ಲ. ನನಗೆ ಸಿಟ್ಟು ಬಂತು. "ಒಂದು ತಿಂಗಳು ಬಿಡಿ. ಆಮೇಲೆ ನೀವೇ ಬಂದು ಅವನನ್ನು ಪ್ರಶ್ನೆ ಕೇಳಿ, ಉತ್ತರ ಹೇಳದಿದ್ದರೆ ಕರೆದುಕೊಂಡು ಹೋಗಿ" ಎಂದು ಹೇಳಿಬಿಟ್ಟೆ.

ಮರುದಿನ ಕುರ್ಚಿ ಎಳೆದುಕೊಂಡು ಹೋಗಿ ಅವನ ಪಕ್ಕದಲ್ಲೇ ಕೂತು ಪಾಠ ಮಾಡಿದೆ. ಪ್ರಶ್ನೆ ಕೇಳಿದಾಗ ಅವನ ತುಟಿ ಅಲ್ಲಾಡುತ್ತಿತ್ತು. ಬಗ್ಗಿ ಕಿವಿಗೊಟ್ಟೆ. "ಆರೊಂದ್ಲ ಆರು, ಆರೆರಡ್ಲ ಹನ್ನೆರಡು, ಆರ್ಮೂರ್ಲ ಹದಿನೆಂಟು..."

ಮಗ್ಗಿ! ನಾನು ಹುಟ್ಟಿ ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ನನ್ನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳಿದೆ ಎಂದು ಊರಿನ ನೆಂಟರು ನಗುತ್ತಾರೆ. ಆದರೂ ಆ ರಾಗ ಕೇಳಿದ ಕೂಡಲೇ ಗುರುತು ಸಿಕ್ಕಿತು. ಹುಡುಗ ದಡ್ಡನಲ್ಲ. ಯಾವ ಪ್ರಶ್ನೆ ಕೇಳಿದರೂ ಒಂದರಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ, ಸರಿಯಾದ ಉತ್ತರಕ್ಕೆ ಬಂದು, ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನಾವೆಲ್ಲ ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದೆವು.

ಅಪ್ಪನನ್ನು ಬರಹೇಳಿದೆ. ಸುರೇಶನ ಜೊತೆಗೆ ಹುಡುಗನ ಅಜ್ಜಿ ನಾಗರತ್ನಮ್ಮನವರೂ ಬಂದರು.

"ಅಮ್ಮ ದಿನಾ ದೀಪ ಹಚ್ಚಿದ್ಮೇಲೆ ಅವನ್ನ ಕೂರಿಸ್ಕೊಂಡು ಮಗ್ಗಿ ಹೇಳಿಸ್ತಾರೆ ಮೇಡಂ. ಅದ್ರಿಂದ್ಲೇ ಕನ್‌ಫ್ಯೂಸ್ ಆಗಿದಾನೆ. ಇವತ್ತಿಂದ ನಿಲ್ಲಿಸ್ಬಿಡ್ತೀವಿ" ಎಂದ ಸುರೇಶ.

ನಾಗರತ್ನಮ್ಮ ಸೆರಗಿನ ತುದಿ ನೋಡುತ್ತಾ, "ಒಳ್ಳೇದಾಗ್ಲಿ ಅಂತ ಹೇಳಿಸ್ದೆ ಕಣಮ್ಮ. ಮಗೀಗೆ ತೊಂದ್ರೆ ಆಗೋದಾದ್ರೆ ಬೇಡ ಬಿಡಿ" ಎಂದರು.

"ಅಯ್ಯೋ, ಆ ಒಂದು ವೇಲೆ ಮಾತ್ರ ಮಾಡ್ಬೇಡಿ ಸಾರ್" ಎಂದೆ. "ನೀವು ಹೇಳಿಸ್ತಾ ಇರಿ ಪಾಟೀ. ಮಿಚ್ಚದ್ದು ನಾನು ನೋಡ್ಕೋತೀನಿ." ಕೆಲಸಕ್ಕೆ ವೇಲೆ, ಅಜ್ಜಿಗೆ ಪಾಟಿ, ಉಳಿದದ್ದಕ್ಕೆ ಮಿಚ್ಚದ್ದು ಎನ್ನುವ ನನ್ನ ಕನ್ನಡ ಅವರಿಗೆ ಎಷ್ಟು ತಿಳಿಯಿತೋ, ಮುಖವಂತೂ ಅರಳಿತು.

ಕ್ಲಾಸಿನಲ್ಲಿ ಒಂದು ಹೊಸ ಕಾನೂನು ತಂದೆ. ಪ್ರಶ್ನೆ ಕೇಳಿದ ಮೇಲೆ ನಾನು ಬೋರ್ಡನ್ನು ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನವಾಗಿ ಒರೆಸುತ್ತೇನೆ. ಡಸ್ಟರ್ ಕೆಳಗಿಡುವವರೆಗೆ ಎಲ್ಲರ ಕೈ ತೊಡೆಯ ಮೇಲೆ, ಬಾಯಿ ಮುಚ್ಚಿರಬೇಕು. ಹರ್ಷಿಣಿ ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಆದರೆ ಸತ್ಯಾತ್ಮನ ಹಾಗೆಯೇ ಇನ್ನೂ ಏಳೆಂಟು ಮಕ್ಕಳು, ಇಷ್ಟು ದಿನ ತುಟಿ ಬಿಚ್ಚದವರು, ಉತ್ತರ ಹೇಳತೊಡಗಿದರು.

ಎರಡನೆಯದಾಗಿ, ಊಟವಾದ ಮೇಲೆ ದಿನಕ್ಕೊಂದು ಮಗ್ಗಿ. ಸತ್ಯಾತ್ಮ ಬೋರ್ಡಿನ ಹತ್ತಿರ ನಿಂತು ಹೇಳಬೇಕು, ಉಳಿದವರು ಅದನ್ನೇ ಹೇಳಬೇಕು. ಮೊದಲ ದಿನ ಅವನ ದನಿ ಅವನಿಗೇ ಕೇಳಲಿಲ್ಲ, ಮಕ್ಕಳು ಕಿಸಿಕಿಸಿ ನಕ್ಕರು. ವಾರ ಕಳೆಯುವಷ್ಟರಲ್ಲಿ ನೀರಿನ ನಲ್ಲಿಯ ಹತ್ತಿರ ಸಾಲು ನಿಂತಾಗಲೂ "ನಾಲ್ಕೊಂದ್ಲ ನಾಲ್ಕು" ಕೇಳಿಸುತ್ತಿತ್ತು. ಗೇಟಿನಲ್ಲಿ ಒಬ್ಬ ತಾಯಿ ನನ್ನನ್ನು ಹಿಡಿದು, ಮಗಳು ಮನೆಯಲ್ಲಿ ಯಾವುದೋ ತೆಲುಗು ಹಾಡು ಹಾಡುತ್ತಾಳಲ್ಲ, ಏನದು ಎಂದು ವಿಚಾರಿಸಿದರು.

ಒಂದು ಮಾತ್ರ ಸಾಧ್ಯವಾಗಲಿಲ್ಲ. ಪ್ರತಿ ಸಲವೂ ಒಂದರಿಂದ ಏಕೆ, ಐದರಿಂದ ಶುರು ಮಾಡು ಎಂದು ಸತ್ಯಾತ್ಮನಿಗೆ ಹೇಳಿ ನೋಡಿದೆ. "ತಾಂಬರಂ ಟ್ರೈನ್‌ನ ನಡುವಿನ ಎಗ್ಮೋರಲ್ಲೂ ಹತ್ತಬಹುದಲ್ವಪ್ಪಾ?" ಎಂದು ಕೇಳಿದೆ. ಅವನು ಯೋಚಿಸಿ, "ಹತ್ತಬಹುದು ಮಿಸ್. ಆದ್ರೆ ಸೀಟು ಸಿಗಲ್ಲ" ಎಂದ.

ತಿಂಗಳು ತುಂಬಿದ ಶುಕ್ರವಾರ ಹೆಡ್‌ಮಿಸ್ ಕ್ಲಾಸಿಗೆ ಬಂದರು. ಕೆಟ್ಟವರಲ್ಲ, ಆದರೆ ಸದಾ ಇನ್ನೊಂದು ಕೆಲಸ ಕಾಯುತ್ತಿರುವ ಹೆಂಗಸು. ಕೂರಲೂ ಇಲ್ಲ. "ಸತ್ಯಾತ್ಮ, ಸ್ಟ್ಯಾಂಡ್ ಅಪ್. ಸೆವೆನ್ ಎಯ್ಟ್ಸ್?"

ಅವನು ಎದ್ದು ನಿಂತ. ಬೋರ್ಡು ಒರೆಸಲು ನನಗೆ ಅವಕಾಶವೇ ಇರಲಿಲ್ಲ. ಏಳರ ಮಗ್ಗಿ ಬೇರೆ, ಅದೂ ಎಂಟನೆಯ ಮೆಟ್ಟಿಲು. ತುಟಿ ಅಲ್ಲಾಡತೊಡಗಿತು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಹೆಡ್‌ಮಿಸ್ ವಾಚು ನೋಡಿಕೊಂಡರು. ನನ್ನ ಕಡೆ ನೋಡಿದರು. ಹುಡುಗನನ್ನು ಕಳೆದುಕೊಂಡೆನಲ್ಲ ಎಂದು ನನಗೆ ಅಳು ಬರುವ ಹಾಗಾಯಿತು. ಅವರು "ಓಕೆ, ಸಿಟ್..." ಎನ್ನುವಷ್ಟರಲ್ಲಿ ಹರ್ಷಿಣಿ ಎದ್ದಳು. ಕೈ ಎತ್ತಿರಲಿಲ್ಲ, ಕಟ್ಟಿಕೊಂಡಿದ್ದಳು.

"ಇರುಂಗೊ ಮಿಸ್. ಅವನ್ ಇಪ್ಪೋ ಅಂಜುಲ ಇರ್ಕಾನ್."

ಸ್ವಲ್ಪ ತಾಳಿ, ಅವನೀಗ ಐದರಲ್ಲಿದ್ದಾನೆ. ಅವನ ತುಟಿ ನೋಡಿಯೇ ಹೇಳಿದ್ದಳು. ನಾನು ಸುತ್ತ ನೋಡಿದೆ. ಇಡೀ ಕ್ಲಾಸು ಅವನ ಜೊತೆ ತುಟಿ ಅಲ್ಲಾಡಿಸುತ್ತಿತ್ತು, ಒಬ್ಬರೂ ಉತ್ತರ ಬಿಟ್ಟುಕೊಡುತ್ತಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಂತೋಷ ಇನ್ನೆಂದೂ ಆಗಿಲ್ಲ.

"ಫಿಫ್ಟಿ ಸಿಕ್ಸ್" ಎಂದ ಸತ್ಯಾತ್ಮ.

ಹೆಡ್‌ಮಿಸ್ ಬಿಡುವ ಪೈಕಿಯಲ್ಲ. ಇಡೀ ಕ್ಲಾಸಿನ ಕಡೆ ತಿರುಗಿ, "ಸೆವೆನ್ ನೈನ್ಸ್?" ಎಂದರು.

"ಸಿಕ್ಸ್‌ಟಿ ತ್ರೀ" ಎಂದ ಸತ್ಯಾತ್ಮ, ಹರ್ಷಿಣಿ ಬಾಯಿ ತೆರೆಯುವ ಮೊದಲೇ. ಅವನು ಆಗಲೇ ಎಂಟರಲ್ಲಿ ನಿಂತಿದ್ದ, ಒಂದೇ ಮೆಟ್ಟಿಲು ಹತ್ತಬೇಕಿತ್ತು. ಆ ಗುಟ್ಟನ್ನು ಹೆಡ್‌ಮಿಸ್‌ಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಅವರು ಹುಬ್ಬೇರಿಸಿದರು. "ಇವನು ಇಲ್ಲೇ ಇರಲಿ ಸುಮತಿ" ಎಂದು ನನಗೆ ತಮಿಳಿನಲ್ಲಿ ಹೇಳಿ ಬಾಗಿಲ ಕಡೆ ಹೊರಟರು.

ಸತ್ಯಾತ್ಮ ಇನ್ನೂ ನಿಂತೇ ಇದ್ದ. ಕೂತ್ಕೋಪ್ಪಾ ಎಂದು ಸನ್ನೆ ಮಾಡಿದೆ. ಕೂರಲಿಲ್ಲ. ಯಾರೂ ಕೇಳದೆ, ತಾನಾಗಿಯೇ, ಹೋಗುತ್ತಿದ್ದ ಹೆಡ್‌ಮಿಸ್‌ಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ:

"ಮಿಸ್, ಇನ್ನೂ ಒಂದಿದೆ. ಹೇಳ್ಲಾ?"