ಬಂದೂಕಿಗೆ ಇಲ್ಲದ ದಾರಿ

ನನ್ನ ಹೊಲಕ್ಕೆ ಹೋಗುವ ದಾರಿ ಅಮೃತಮ್ಮನ ಹೊಲದ ನಡುವೆ ಹಾಯುತ್ತದೆ. ನಮ್ಮಜ್ಜನ ಕಾಲದಿಂದಲೂ ಹಾಗೇ. ಊರು ಬಿಟ್ಟು ಅವಳ ಬದು ಹತ್ತಿ, ಕಣದ ಮಗ್ಗುಲಲ್ಲಿ ಹಾದು, ಆಚೆ ಬದು ಇಳಿದರೆ ನನ್ನ ಎಂಟು ಎಕರೆ. ಅದರಾಚೆ ಕಾಗಿಣಾ ಹೊಳೆ. ಈ ದಾರಿ ಬಿಟ್ಟರೆ ದಂಡೋತಿ ಕಡೆ ಹೋಗಿ, ಹೊಳೆದಂಡೆ ಹಿಡಿದು, ಜಾಲಿಕಂಟಿಯಲ್ಲಿ ತೂರಿಕೊಂಡು ಎರಡು ಮೈಲಿ ಸುತ್ತಬೇಕು.

ಅರವತ್ತಾರನೇ ಇಸವಿಯಲ್ಲಿ ನನ್ನ ಕೈಗೆ ಬಂದೂಕು ಬಂತು. ಒಂಟಿ ನಳಿಗೆಯದು. ಹೊಳೆದಂಡೆಯ ಕಾಡುಹಂದಿಗಳ ಕಾಟ ತಾಳದೆ, ಬೆಳೆ ಕಾಯಲು ಲೈಸೆನ್ಸು ಬೇಕೆಂದು ಎರಡು ವರ್ಷ ಚಿತ್ತಾಪುರಕ್ಕೂ ಗುಲಬರ್ಗಾಕ್ಕೂ ತಿರುಗಿದ್ದೆ. ವಾಡಿ ಸ್ಟೇಶನ್ನಿನ ಬೆಂಚುಗಳಿಗೆಲ್ಲ ನನ್ನ ಗುರುತು ಹತ್ತಿತ್ತು. ಕೊನೆಗೆ ಶಿಕ್ಕಾ ಒತ್ತಿದ ಪುಸ್ತಕ ಕೈಗೆ ಬಂದಾಗ, ಅದರಲ್ಲಿ 'ಚಿತ್ತಾಪುರ ತಾಲ್ಲೂಕು' ಎಂದು ಬರೆದಿದ್ದನ್ನು ಸಾಲಿ ಮಾಸ್ತರರಿಂದ ಮೂರು ಸಲ ಓದಿಸಿಕೊಂಡೆ. ಎಂಟು ಎಕರೆಯ ಮನುಷ್ಯನಿಗೆ ಒಂದು ಇಡೀ ತಾಲ್ಲೂಕು!

ಅಲ್ಲಿಂದ ನಾನು ಬಂದೂಕು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮಜೀದಸಾಬನ ಹೊಟೇಲಿಗೆ ಚಹಾ ಕುಡಿಯಲು ಹೋದರೂ ಅದು ಹೆಗಲ ಮೇಲೆಯೇ. ಮೊದಲ ದಿನ ಅದನ್ನು ಬೆಂಚಿನ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತೆ. ಮಜೀದಸಾಬ ಬಟ್ಟೆಯಲ್ಲಿ ಕೈ ಒರೆಸುತ್ತ ಬಂದ.

"ಅಂಬಾರಾಯಪ್ಪ, ಇವರಿಗೂ ಒಂದ್ ಚಾ ಹಾಕ್ಲೇನ್ರಿ? ಸಕ್ಕರಿ ಎಷ್ಟ ಕುಡೀತಾರ ಕೇಳ್ರಿ."

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಖುಷಿಯೇ ಆಗಿತ್ತು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟಾಗ ಅಮೃತಮ್ಮ ತನ್ನ ಬದುವಿನ ಮೇಲೆ ನಿಂತಿದ್ದಳು. ಅರವತ್ತರ ಹೆಂಗಸು, ತೆಳ್ಳಗೆ, ನೆಟ್ಟಗೆ. ಗಂಡ ಹೋಗಿ ಇಪ್ಪತ್ತು ವರ್ಷ, ಹತ್ತು ಎಕರೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಸಂಬಂಧವಿಲ್ಲದಿದ್ದರೂ ಊರಿನ ನಮ್ಮ ವಾರಿಗೆಯವರೆಲ್ಲ ಅವಳನ್ನು ಅತ್ತಿ ಎಂದೇ ಕರೆಯುತ್ತಿದ್ದೆವು.

"ಎಲ್ಲಿಗಿ ಹೊಂಟೀದಿ, ಅಂಬಾರಾಯ?"

"ನನ್ನ ಹೊಲಕ್ಕ, ಅತ್ತಿ."

"ಹೆಗಲಮ್ಯಾಗ ಏನದು?"

"ಕಾಣಸ್ತದಲ್ಲ."

"ಕಾಣಸ್ತದ ಅಂತಾನೇ ಕೇಳಾಕತ್ತೀನಿ. ನಮ್ಮ ಮಾವ ನಿಮ್ಮಜ್ಜಗ ದಾರಿ ಕೊಟ್ಟಿದ್ದು ಆಳಿಗಿ, ಎತ್ತಿಗಿ, ಬಂಡಿಗಿ, ತಲಿಮ್ಯಾಗಿನ ಹೊರಿಗಿ. ಬಂದೂಕಿಗಿ ಕೊಟ್ಟಿಲ್ಲ."

"ಸರ್ಕಾರ ಕೊಟ್ಟದತ್ತಿ. ತಾಲೂಕ ತುಂಬ ಹಿಡಕೊಂಡು ತಿರಗಬಹುದಂತ ಬರದಾರ."

"ತಿರಗು. ನನ್ನ ಹತ್ತ ಎಕರೆ ಬಿಟ್ಟು ಉಳಿದ ತಾಲೂಕೆಲ್ಲ ತಿರಗು. ಭಾಳ ದೊಡ್ಡದದ."

ಅವಳು ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮಾತು ಕಟ್ಟೆಗೆ ಹೋಯಿತು. ಕಂದಾಯ ವಸೂಲಿಯ ಮಾಲಿಪಾಟೀಲ ಹಣಮಪ್ಪನವರ ಹುದ್ದೆ ಸರ್ಕಾರದ ಲೆಕ್ಕದಲ್ಲಿ ಮುಗಿದಿದ್ದರೂ ಊರಿನ ಲೆಕ್ಕದಲ್ಲಿ ಮುಗಿದಿರಲಿಲ್ಲ. ನಾನು ಲೈಸೆನ್ಸಿನ ಪುಸ್ತಕ ಇಟ್ಟೆ. ಅಮೃತಮ್ಮ ಸೆರಗಿನ ಗಂಟು ಬಿಚ್ಚಿ ಪಹಣಿ ಇಟ್ಟಳು. ಹಣಮಪ್ಪನವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು.

"ಇಬ್ಬರ ಕೈಯಾಗೂ ಸರ್ಕಾರದ ಕಾಗದಾನೇ ಅದ. ಅಂಬಾರಾಯ, ನಿನ್ನ ಕಾಗದ ಏನ್ ಹೇಳ್ತದ ಅಂದ್ರ, ನಿನ್ನ ಕೈಯಾಗ ಬಂದೂಕ ಕಂಡ್ರ ಪೊಲೀಸ್ರು ಹಿಡಿಬಾರದು ಅಂತ. ಮಂದಿ ಹೊಲದಾಗ ಹೊಗು ಅಂತ ಹೇಳೂದಿಲ್ಲ."

"ಪಾಟೀಲ್ರ, ಸುತ್ತು ಹಾಕ್ಕೊಂಡು ಹೋಗೂದ್ರಾಗ ಹಂದಿ ಉಂಡು ಕೈ ತೊಳ್ಕೊಂಡಿರ್ತಾವ್ರಿ!"

ನನ್ನ ಕಷ್ಟ ಸುಳ್ಳಾಗಿರಲಿಲ್ಲ. ಆ ವರ್ಷ ನನ್ನ ಬಿತ್ತನೆ ಹದಿನೈದು ದಿನ ತಡವಾಗಿತ್ತು. ಸುತ್ತಲಿನವರ ಜೋಳವೆಲ್ಲ ಕೊಯ್ಲಾಗಿ ಕಣಕ್ಕೆ ಬಂದಿದ್ದರೂ ನನ್ನದೊಂದೇ ಇನ್ನೂ ಹೊಲದಲ್ಲಿ ನಿಂತಿತ್ತು. ಹೊಳೆದಂಡೆಯ ಹಂದಿಗಳಿಗೆಲ್ಲ ಉಳಿದಿದ್ದು ನನ್ನ ತೆನೆ ಮಾತ್ರ. ನಸುಕಿನಲ್ಲಿ ಅವು ಹೊಲಕ್ಕಿಳಿಯುವ ಹೊತ್ತಿಗೆ ನಾನಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ವರ್ಷದ ರೊಟ್ಟಿ ಹೋಯಿತು.

ಹಣಮಪ್ಪನವರು ಗಡ್ಡ ತುರಿಸಿಕೊಂಡು ಒಂದು ದಾರಿ ತೆಗೆದರು. "ಹಾಂಗಾದ್ರ ಬಂದೂಕ ಖಾಲಿ ಮಾಡಿ ಒಯ್ಲಿ. ಅಮೃತಮ್ಮ, ಒಪ್ಪೀದೇನು?"

"ಖಾಲಿ ಅದ ಅಂತ ನನಗ ಹ್ಯಾಂಗ ತಿಳೀಬೇಕ್ರಿ? ದಿನಾ ನಸಿಕಿನ್ಯಾಗೆದ್ದು ನಳಗಿಯಾಗ ಕಣ್ಣಿಟ್ಟು ನೋಡಲೇನು? ಮ್ಯಾಲ ನಾ ಕಣ ಹಾಕೀನಿ. ಮಂದಿ ಕೆರಾ ಬಿಟ್ಟು ಬರ್ತಾರ. ಅವನ ಬಂದೂಕಿನ ಪಟ್ಟಿ ಯಾವದರದದ ಕೇಳ್ರಿ."

ಎಲ್ಲರೂ ನನ್ನ ಹೆಗಲು ನೋಡಿದರು. ಪಟ್ಟಿ ತೊಗಲಿನದು. ನಮ್ಮ ಕಡೆ ಕಣಕ್ಕೆ ತೊಗಲು ತರುವುದಿಲ್ಲ. ಸಗಣಿ ಸಾರಿಸಿ, ಸುತ್ತ ಬೂದಿಯ ಗೆರೆ ಎಳೆದು, ನಡುವೆ ಮೇಟಿಕಂಬ ನೆಟ್ಟಮೇಲೆ ಎಂಥ ಸಾಹುಕಾರನೂ ಗೆರೆಯ ಹೊರಗೇ ಚಪ್ಪಲಿ ಬಿಡಬೇಕು.

"ನಾ ಕಣದಾಗ ಹೊಗೂದಿಲ್ಲ, ಮಗ್ಗಲದಾಗ ಹೋಗ್ತೀನಿ," ಎಂದೆ.

"ಮಗ್ಗಲದಾಗ ಹೋದ್ರೂ ಗುಂಡು ಮಗ್ಗಲದಾಗೇ ಹೋಗ್ತದೇನು?" ಎಂದಳು ಅಮೃತಮ್ಮ.

ಮಜೀದಸಾಬ ಹಿಂದಿನಿಂದ "ವ್ಹಾ!" ಎಂದ. ಮಾತು ಅಲ್ಲಿಗೇ ನಿಂತಿತು.

ಹನ್ನೆರಡು ದಿನ ಹೊಳೆದಂಡೆ ಸುತ್ತಿದೆ. ಬೆಳಕು ಮೂಡದೆ ಆ ಜಾಲಿಕಂಟಿಯಲ್ಲಿ ಕಾಲಿಡುವಂತಿರಲಿಲ್ಲ. ಹನ್ನೆರಡು ದಿನವೂ ನಾನು ತಲುಪುವಷ್ಟರಲ್ಲಿ ದಂಟು ಮುರಿದು ಬಿದ್ದಿರುತ್ತಿದ್ದವು, ತೆನೆ ಜಗಿದು ಉಗುಳಿರುತ್ತಿತ್ತು. ದಿನಕ್ಕೆ ಎರಡು ಸಾಲಿನಂತೆ ಬೆಳೆ ಕರಗುತ್ತಿತ್ತು. ಜಾಲಿಮುಳ್ಳು ಕಾಲಿಗೆ ಚುಚ್ಚಿದಾಗಲೆಲ್ಲ ಅಮೃತಮ್ಮನಿಗೆ ಒಂದು ಬೈಗುಳ. ಹೆಂಗಸಿಗೆ ಬಂದೂಕಿನ ಹೆದರಿಕೆ, ಅದಕ್ಕೆ ಕಣದ ಮಡಿ ಅಡ್ಡ ಹಿಡಿದಿದ್ದಾಳೆ ಎಂದುಕೊಂಡೆ. ಹಾಗೆ ತಿಳಿದಿದ್ದೇ ನನ್ನ ತಪ್ಪು.

ಹದಿಮೂರನೇ ದಿನ ಸುತ್ತು ಮುಗಿಸಿ ನನ್ನ ಹೊಲಕ್ಕೆ ಬಂದಾಗ ಹೊತ್ತು ಎರಡು ಮಾರು ಏರಿತ್ತು. ಇವತ್ತೂ ಹೋಗಿಬಿಟ್ಟಿರುತ್ತವೆ ಅಂದುಕೊಳ್ಳುವಷ್ಟರಲ್ಲಿ ಜೋಳ ಅಲುಗಿತು. ಒಂದೇ ಒಂದು ಹಂದಿ, ಗಂಡು. ಎಮ್ಮೆಯ ಕರುವಿನಷ್ಟು ಎತ್ತರ, ಬೆನ್ನ ಮೇಲಿನ ಕೂದಲು ಸೆಟೆದಿತ್ತು. ಗುರಿ ಇಟ್ಟು ಹೊಡೆದೆ. ಕೈ ಅಲುಗಿತೋ, ಅದು ತಿರುಗಿತೋ, ಹಿಂಗಾಲಿಗೆ ಬಿತ್ತು. ಹಂದಿ ಒಮ್ಮೆ ಕುಸಿದು ಎದ್ದಿತು. ಹೊಳೆಯ ಕಡೆ ಓಡುತ್ತದೆ ಎಂದು ನಾನು ಆ ಕಡೆ ಅಡ್ಡ ಹೋದೆ. ಅದು ತಿರುಗಿ ಅಮೃತಮ್ಮನ ಬದು ಹಾರಿತು.

ಅಲ್ಲಿ ಕಣ ತುಂಬ ಮಂದಿ.

ಎರಡನೇ ಕಾಡತೂಸು ತುಂಬುತ್ತಲೇ ಓಡಿದೆ. ಬದುವಿನ ಮೇಲೆ ನಿಂತಾಗ ಎಲ್ಲ ಕಾಣಿಸಿತು. ಮೇಟಿಯ ಸುತ್ತ ತಿರುಗುತ್ತಿದ್ದ ಎತ್ತುಗಳು ಹಗ್ಗ ಹರಿದುಕೊಂಡು ಹೋಗಿದ್ದವು. ಹೆಣ್ಣಾಳುಗಳು ಮೊರ ಬಿಸಾಕಿ ಚೆಲ್ಲಾಪಿಲ್ಲಿಯಾಗಿದ್ದರು. ಹಂದಿ ಬೂದಿಯ ಗೆರೆ ದಾಟಿ ಕಣದೊಳಗೆ ನಿಂತಿತ್ತು. ಅದರೆದುರು ನಾಲ್ಕು ಮಾರಿನಾಚೆ, ಮೇಟಿಕಂಬದ ಪಕ್ಕ, ಕೈಯಲ್ಲಿ ಜೋಳ ತುಂಬಿದ ಮೊರ ಹಿಡಿದು ಅಮೃತಮ್ಮ ಒಬ್ಬಳೇ ನಿಂತಿದ್ದಳು. ಹಿಂದೆ ಜೋಳದ ಕಣಿಕೆಯ ದೊಡ್ಡ ಬಣವೆ.

ಗಾಯಗೊಂಡ ಹಂದಿ ಏನು ಮಾಡುತ್ತದೆಂದು ನನಗೆ ಗೊತ್ತು. ತೊಡೆ ಸೀಳಿಸಿಕೊಂಡ ಮನುಷ್ಯನನ್ನು ನಾನೇ ಬಂಡಿಯಲ್ಲಿ ಹಾಕಿಕೊಂಡು ಶಹಾಬಾದಿಗೆ ಒಯ್ದಿದ್ದೆ. ನನಗೆ ಹಂದಿಯ ಪಕ್ಕೆ ನಿಚ್ಚಳವಾಗಿ ಕಾಣುತ್ತಿತ್ತು. ಅಮೃತಮ್ಮ ಗುರಿಯಿಂದ ಒಂದು ಮಾರು ಬದಿಗಿದ್ದಳು. ಇನ್ನಷ್ಟು ಹತ್ತಿರ ಹೋದರೆ ತಪ್ಪುವ ಮಾತೇ ಇಲ್ಲ.

"ಅತ್ತೀ, ಅಲಗಬ್ಯಾಡ! ಹೊಡೀತೀನಿ!" ಎಂದು ಕೂಗಿ ಬದು ಇಳಿಯಲು ಕಾಲೆತ್ತಿದೆ.

ಅವಳು ಹಂದಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೊರದಿಂದ ಒಂದು ಕೈ ಬಿಡಿಸಿ ನನ್ನ ಕಡೆ ಅಂಗೈ ತೋರಿದಳು.

"ಅಲ್ಲೇ ನಿಂದ್ರು."

ಕೂಗಲಿಲ್ಲ. ಮನೆಯ ಪಡಸಾಲೆಯಲ್ಲಿ ಕೂತು ಹೇಳಿದಂತೆ ಹೇಳಿದಳು. ನಾನು ನಿಂತೆ. ಯಾಕೆ ನಿಂತೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಕೈಯಲ್ಲಿ ಬಂದೂಕು ಇದ್ದವನು ನಾನು, ಸಾವಿನ ಎದುರಿಗೆ ಇದ್ದವಳು ಅವಳು. ಆದರೂ ಆ ಹೊತ್ತಿನಲ್ಲಿ ಆ ಹೊಲ ಅವಳದು ಎಂಬುದು ಹಗಲಿನಷ್ಟು ಸ್ಪಷ್ಟವಾಗಿತ್ತು. ಎತ್ತಿದ ಕಾಲು ನನ್ನ ಕಡೆಗೇ ಇಳಿಯಿತು.

ಒಂದೇ ಕೈಯಲ್ಲಿದ್ದ ಮೊರ ಓರೆಯಾಗಿ ಜೋಳ ಸಣ್ಣ ಧಾರೆಯಾಗಿ ಸುರಿಯತೊಡಗಿತು. ಇಡೀ ಹೊಲದಲ್ಲಿ ಅದೊಂದೇ ಸದ್ದು. ಸಾರಿಸಿದ ನೆಲದ ಮೇಲೆ ಕಾಳು ಬೀಳುತ್ತಿತ್ತು, ಹಂದಿಯ ಹಿಂಗಾಲಿನಿಂದ ರಕ್ತ ಬೀಳುತ್ತಿತ್ತು. ಅಮೃತಮ್ಮ ಮೇಟಿಕಂಬದ ಹಾಗೆ ನಿಂತಿದ್ದಳು. ಹಂದಿ ಮೂತಿ ಎತ್ತಿ ಗಾಳಿ ಮೂಸಿತು. ಅದರ ಉಸಿರಿಗೆ ನೆಲದ ಹೊಟ್ಟು ಏಳುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಅವಳನ್ನು ನೋಡಿತು. ಅವಳು ಅದನ್ನು ನೋಡಿದಳು. ನನ್ನ ಹೊಲದ ಕಳ್ಳ ಎಂದು ಹನ್ನೆರಡು ದಿನ ಬೈದಿದ್ದ ಆ ಪ್ರಾಣಿ ಬಿಸಿಲಲ್ಲಿ ಕರಿಕಲ್ಲಿನಲ್ಲಿ ಕಡೆದಂತೆ ನಿಂತಿತ್ತು. ಅದರೆದುರು ಆ ಮುದುಕಿ, ಕೆಂಪು ಸೀರೆ, ಬರಿಗಾಲು. ಅಂಥದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮೊರ ಖಾಲಿಯಾಯಿತು. ಹಂದಿ ತಲೆ ತಗ್ಗಿಸಿ, ಅವಳಿಗೂ ರಾಶಿಗೂ ನಡುವಿನ ಜಾಗದಲ್ಲಿ ಕುಂಟುತ್ತ ಹಾದು, ಆಚೆ ಗೆರೆ ದಾಟಿ, ಸುತ್ತಿಕೊಂಡು ಹೊಳೆಯ ಕಡೆ ಹೋಯಿತು.

ಯಾರೂ ಅಲುಗಲಿಲ್ಲ. ಆಗ ಬಣವೆಯ ಹಿಂದಿನಿಂದ ಕೂಸು ಅತ್ತಿತು.

ಹೆಣ್ಣಾಳು ಅನಸುಬಾಯಿ ಬಿದ್ದು ಎದ್ದು ಆ ಕಡೆ ಓಡಿದಳು. ಬಣವೆಯ ನೆರಳಿಗೆ ಬಂಡಿಯ ಮೂಕಿ ಎತ್ತಿ ನಿಲ್ಲಿಸಿ, ಅದಕ್ಕೆ ಸೀರೆಯ ಜೋಳಿಗೆ ಕಟ್ಟಿ, ಆರು ತಿಂಗಳ ಮಗಳನ್ನು ಮಲಗಿಸಿದ್ದಳಂತೆ. ನಾನು ನಿಂತಲ್ಲಿಂದ ಹಂದಿಗೆ, ಹಂದಿಯಿಂದ ಬಣವೆಗೆ, ಬಣವೆಯಿಂದ ಜೋಳಿಗೆಗೆ ಕಣ್ಣಿನಲ್ಲಿ ದಾರ ಎಳೆದೆ. ದಾರ ನೆಟ್ಟಗಿತ್ತು. ನನ್ನ ಕಾಡತೂಸಿನ ದಪ್ಪ ಗುಂಡುಗಳಿಗೆ ಒಣ ಕಣಿಕೆ ಯಾವ ಲೆಕ್ಕ? ನನಗೆ ಹಂದಿ ಕಂಡಿತ್ತು, ಬಣವೆ ಕಂಡಿತ್ತು. ಬಣವೆಯ ಹಿಂದೇನಿದೆ ಎಂದು ಗೊತ್ತಿದ್ದವಳು ಹೊಲದ ಒಡತಿ ಒಬ್ಬಳೇ.

ಕಾಡತೂಸು ತೆಗೆದೆ. ಬಂದೂಕನ್ನು ಬದುವಿನ ಈಚೆ ನನ್ನ ನೆಲದಲ್ಲೇ ಮಲಗಿಸಿ, ಚಪ್ಪಲಿ ಬಿಟ್ಟು, ಕಣದ ಗೆರೆಯ ಹತ್ತಿರ ಹೋದೆ. ಅಮೃತಮ್ಮ ಕೂತು ನೆಲದ ಕಾಳು ಬಳಿಯುತ್ತಿದ್ದಳು.

"ಅತ್ತಿ..."

"ನನ್ನ ಮುಂದ ಏನ್ ನಿಂತೀದಿ? ಆ ಜೀವಾನ ಅರ್ಧಾ ಮಾಡಿ ಬಿಟ್ಟೀದಿ. ಹೋಗಿ ಪೂರಾ ಮಾಡು. ಸುತ್ತು ಹಾಕ್ಕೊಂಡ ಹೋಗು, ಮತ್ತ!"

ಅನಸುಬಾಯಿ ಅಳುತ್ತಲೇ ನಕ್ಕಳು. ನಾನು ನನ್ನ ಹೊಲದಲ್ಲೇ ಇಳಿದು ಹೊಳೆಗೆ ಹೋದೆ. ಜಾಲಿಯ ಬುಡದಲ್ಲಿ ಅದು ಬಿದ್ದಿತ್ತು. ಎರಡನೇ ಕಾಡತೂಸು ಅಲ್ಲಿ ಖರ್ಚಾಯಿತು.

ಆ ಸಂಜೆ ತೊಗಲಿನ ಪಟ್ಟಿ ಬಿಚ್ಚಿ ಪುಂಡಿನಾರಿನ ಹಗ್ಗ ಹೊಸೆದು ಕಟ್ಟಿದೆ. ಅವಳ ಹೊಲದಲ್ಲಿ ಒಯ್ಯಬೇಕೆಂದಲ್ಲ. ಆ ಪಟ್ಟಿ ನೋಡಲು ನನಗೇ ಆಗಲಿಲ್ಲ, ಅಷ್ಟೇ.

ಮರುದಿನ ನಸುಕಿನಲ್ಲಿ ದಂಡೋತಿ ಕಡೆ ತಿರುಗುತ್ತಿದ್ದಾಗ ಅವಳ ಬದುವಿನಿಂದ ಕೂಗು ಬಂತು.

"ಅಂಬಾರಾಯ! ಇಲ್ಲಿ ಬಾ."

ಹೋದೆ. ಬದುವಿನ ಈಚೆಗೇ ನಿಂತೆ. ಅವಳ ತಲೆಯ ಮೇಲೆ ಬಟ್ಟೆಯ ಸಿಂಬಿ ಇತ್ತು.

"ಕಾಡತೂಸ ಎಲ್ಲ್ಯಾವ?"

"ಕಿಸೆದಾಗ."

"ನಿನ್ನ ಕಿಸೆದಾಗೇ ಇರ್ಲಿ. ಅದನ್ನ ಮುರದು ತೋರ್ಸು."

ಬಂದೂಕು ಮಡಿಸಿ ತೋರಿಸಿದೆ. ನಳಿಗೆಯಲ್ಲಿ ಒಂದು ಕಣ್ಣಿಟ್ಟು ನೋಡಿದಳು. ಆಚೆ ತುದಿಯಲ್ಲಿ ಬೆಳಕು ಕಂಡಿರಬೇಕು. ಹಗ್ಗ ಮುಟ್ಟಿ ನೋಡಿದಳು.

"ಕೊಡಿಲ್ಲಿ."

"ಏನ್ ಮಾಡ್ತೀ ಅತ್ತಿ?"

"ನಿಮ್ಮಜ್ಜಗ ಕೊಟ್ಟ ದಾರಿ ಮ್ಯಾಲ ತಲಿಹೊರಿ ಹೋಗಬಹುದು. ನನ್ನ ಹೊಲದಾಗ ಇದು ನನ್ನ ತಲಿಮ್ಯಾಗ ಹೋಗ್ತದ. ಕಣ್ಣ ಪಿಳಿಪಿಳಿ ಏನ್ ಬಿಡ್ತೀದಿ? ಎತ್ತಿ ಹೊರಸು. ಹಂದಿ ನಿನ್ನ ದಾರಿ ಕಾಯ್ತಾವೇನು?"

ಹೊರಿಸಿದೆ. ಎರಡು ವರ್ಷ ನಾನು ಸರ್ಕಾರದ ಬಾಗಿಲು ಕಾಯ್ದು ತಂದ ಬಂದೂಕು ಜೋಳದ ದಂಟಿನ ಹೊರೆಯಂತೆ ಅವಳ ತಲೆಯ ಮೇಲೆ ಅಡ್ಡ ಕೂತಿತು. ಕೈ ಬಿಟ್ಟು ನಡೆದಳು. ಹಿಂದೆ ನಾನು, ಕಿಸೆಯಲ್ಲಿ ಎರಡು ಕಾಡತೂಸು. ಅವು ಕಟಕಟ ಅನ್ನದಂತೆ ಮುಷ್ಟಿಯಲ್ಲಿ ಹಿಡಿದಿದ್ದೆ.

ನಡೆಯುತ್ತ ಅವಳು ಮಾತಾಡುತ್ತಿದ್ದಳು, ನನಗೋ ತನಗೋ. "ಈ ಕಲ್ಲ ಮಡ್ಡ್ಯಾಗ ಟಿಟ್ಟಿಬಿ ಹಕ್ಕಿ ತತ್ತಿ ಇಟ್ಟದ, ಕಾಲ ನೋಡಿ ಇಡು. ಬಾರಿಗಿಡದ ಹಿಂದ ಮಜೀದಸಾಬನ ಆಡು ಕಟ್ಟೀನಿ, ಇಂದೋ ನಾಳಿಗೋ ಈಯ್ತದ. ಬಣವಿ ಹಿಂದ ಯಾವಾಗ್ಲೂ ಕೂಸು ಇರ್ತಾವ." ಮೂವತ್ತು ವರ್ಷ ದಿನಕ್ಕೆರಡು ಸಲ ತುಳಿದ ದಾರಿ ಅದು. ಅವತ್ತು ಮೊದಲ ಸಲ ಬರುತ್ತಿದ್ದೇನೆ ಅನ್ನಿಸಿತು. ಪ್ರತಿ ಹುಲ್ಲಿನ ಹಿಂದೆಯೂ ಏನೋ ಒಂದು ಜೀವ ಇತ್ತು. ಅದರ ಲೆಕ್ಕ ಅವಳಿಗಿತ್ತು, ನನ್ನ ಪುಸ್ತಕದಲ್ಲಿರಲಿಲ್ಲ.

ಆಚೆ ಬದುವಿನಲ್ಲಿ ನಿಂತು ತಲೆ ಬಗ್ಗಿಸಿದಳು. ನಾನು ಕೆಳಗಿಳಿದು ನನ್ನ ನೆಲದ ಮೇಲೆ ನಿಂತು ಎರಡೂ ಕೈಯಿಂದ ಬಂದೂಕು ಇಸಿದುಕೊಂಡೆ.

"ಹಿಡಿ. ಇಲ್ಲಿಂದ ನಿಂದು," ಎಂದಳು. "ಹೊಳಿ ಕಡಿ ಮುಖ ಮಾಡಿ ಹೊಡಿ. ಜೋಳ ಉಳಸ್ಕೊ. ತಿರಗಿ ಬರೂವಾಗ ಕೂಗು."

ಹಿಂದಿರುಗಿ ಹೊರಟಳು. ನನ್ನ ಜೋಳದಲ್ಲಿ ಆಗಲೇ ದಂಟು ಮುರಿಯುವ ಸದ್ದು ಕೇಳುತ್ತಿತ್ತು. ಆದರೂ ಅವಳು ಕಣ ದಾಟಿ, ಬಣವೆಯ ಹಿಂದೆ ಹೋಗಿ, ಒಂದು ಸಲ ಅಲ್ಲಿ ಬಗ್ಗಿ ನೋಡಿ, ಆಚೆ ಕಾಣಿಸಿಕೊಳ್ಳುವವರೆಗೆ ನಾನು ಕಾಡತೂಸು ಕಿಸೆಯಿಂದ ತೆಗೆಯಲಿಲ್ಲ.