ಅರ್ಧ ತೊಟ್ಟಿ ನೀರು

ನನ್ನ ಅತ್ತಿಗೆಯ ಮೀನುಗಳಿಗೆ ನಾನು ವಿಷ ಹಾಕಲಿಲ್ಲ. ಫೋನಿನಲ್ಲಿ "ಅರ್ಧ" ಎಂದು ಒಂದು ಮಾತು ಹೇಳಿದೆ, ಅಷ್ಟೆ. ಆ ಮಾತು ಏನು ಮಾಡುತ್ತದೆಂದು ಚೆನ್ನಾಗಿ ಗೊತ್ತಿದ್ದೇ ಹೇಳಿದೆ. ಫೋನ್ ಇಟ್ಟಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಅತ್ತಿಗೆ ಎಂದರೆ ಗಂಡನ ಅಕ್ಕ. ಶಾಲೆಯ ಮುಖ್ಯೋಪಾಧ್ಯಾಯಿನಿ. ಮನೆಗೂ ಶಾಲೆಗೂ ಒಂದೇ ದನಿ ಇಟ್ಟುಕೊಂಡಿದ್ದಾರೆ. "ಉಪ್ಪು ಕೊಡು" ಎಂದರೂ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ನಾನು ಊರಿಗೆ ನೀರು ಬಿಡುವ ಶುದ್ಧೀಕರಣ ಘಟಕದಲ್ಲಿ ಲ್ಯಾಬ್ ಕೆಲಸದವಳು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ ಬರೆಯುವುದು ನನ್ನ ಕಸುಬು. ಮನೆಗೆ ಬಂದರೆ ಅದೇ ಕೆಲಸವನ್ನು ಡುಮ್ಮಣ್ಣನಿಗೆ ಮಾಡುತ್ತಿದ್ದೆ. ಡುಮ್ಮಣ್ಣ ನನ್ನ ಗೋಲ್ಡ್ ಫಿಶ್. ಒಂಬತ್ತು ವರ್ಷ ಸಾಕಿದ್ದೆ, ನನ್ನ ಅಂಗೈಯಷ್ಟು ಬೆಳೆದಿದ್ದ. ನಾನು ಬಾಗಿಲು ತೆಗೆದರೆ ಗಾಜಿಗೆ ಮೂತಿ ಒತ್ತಿ ಬಾಲ ಅಲ್ಲಾಡಿಸುತ್ತಿದ್ದ. ಗಂಡ ಟಿವಿಯಿಂದ ತಲೆ ಕೂಡ ಎತ್ತುತ್ತಿರಲಿಲ್ಲ.

ಮೀನು ಸಾಕುವುದೆಂದರೆ ನಿಜಕ್ಕೂ ನೀರು ಸಾಕುವುದು. ಗೋಲ್ಡ್ ಫಿಶ್ ಜಟ್ಟಿಯ ಹಾಗೆ ತಿನ್ನುತ್ತದೆ, ತಿಂದಷ್ಟೇ ಹೊಲಸು ಮಾಡುತ್ತದೆ. ಆ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿನ ಕಿವಿರು ಸುಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಕಂದು ಲೋಳೆ ಕೂತಿರುತ್ತದಲ್ಲ, ಅದು ಕೊಳೆಯಲ್ಲ. ಆ ಅಮೋನಿಯಾವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅವು ಸತ್ತೇ ಹೋಗುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲು, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುವುದು. ನಲ್ಲಿಯ ಕೆಳಗೆ ಹಿಡಿಯುವ ಹಾಗೇ ಇಲ್ಲ. ಇದನ್ನು ಕಾಗದದಲ್ಲಿ ಬರೆದು ತೊಟ್ಟಿಯ ಪಕ್ಕ ಅಂಟಿಸಿದ್ದೆ.

ಎರಡು ವರ್ಷದ ಹಿಂದೆ ತರಬೇತಿಗೆಂದು ಐದು ದಿನ ಹೊರಗೆ ಹೋಗಬೇಕಾಯಿತು. ಅತ್ತಿಗೆ ತಮ್ಮನಿಗೆ ಜೊತೆಯಾಗಿರಲೆಂದು ನಮ್ಮ ಮನೆಗೆ ಬಂದು ಉಳಿದರು. ನಾನು ಹಿಂತಿರುಗಿದಾಗ ತೊಟ್ಟಿಯ ನೀರು ಹಾಲು ಕದಡಿದಂತಿತ್ತು. ಡುಮ್ಮಣ್ಣ ಮೇಲೆ ತೇಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ. ಫಿಲ್ಟರ್ ಬಿಚ್ಚಿದೆ. ಸ್ಪಂಜು ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು, ಪಾತ್ರೆ ತೊಳೆಯುವ ಸೋಪಿನ ವಾಸನೆ. ಎರಡನೆಯ ದಿನ ಡುಮ್ಮಣ್ಣ ಸತ್ತ.

"ನಾನು ನಿನ್ನ ತೊಟ್ಟಿಗೆ ಬೆರಳು ಕೂಡ ಅದ್ದಿಲ್ಲ," ಎಂದರು ಅತ್ತಿಗೆ.

"ಯಾರೂ ಮುಟ್ಟಿಲ್ಲ ಬಿಡೇ. ವಯಸ್ಸಾಗಿತ್ತು ಅದಕ್ಕೆ," ಎಂದರು ನನ್ನ ಗಂಡ.

ಸ್ಪಂಜು ತಾನೇ ಎದ್ದು ಸ್ನಾನ ಮಾಡಿ ಬಂತೇ? ಸುಳ್ಳು ಹೇಳಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಅತ್ತಿಗೆ ಅಷ್ಟಕ್ಕೇ ಬಿಡಲಿಲ್ಲ. ನಾಲ್ಕು ಜನ ನೆಂಟರು ಸೇರಿದ ಕಡೆಯೆಲ್ಲ ನನ್ನನ್ನು ತೋರಿಸಿ, "ಇವಳು ಊರಿಗೆಲ್ಲ ನೀರು ನೋಡ್ತಾಳೆ, ಮನೇಲಿರೋ ಒಂದು ಮೀನಿಗೆ ನೀರು ನೋಡೋಕಾಗ್ಲಿಲ್ಲ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನ್ನ ಗಂಡನೂ ತಟ್ಟೆ ನೋಡಿಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತಲ್ಲ ನಾಳೆ ಈ ಹೆಂಗಸಿಗೆ ಒಂದು ಕೈ ತೋರಿಸದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಎರಡು ಸಣ್ಣ ಮೀನು ತಂದು ನನ್ನ ತೊಟ್ಟಿಯನ್ನು ಮತ್ತೆ ಶುರು ಮಾಡಿದ್ದೆ, ಆದರೆ ಅವಕ್ಕೆ ಹೆಸರಿಡಲಿಲ್ಲ.

ಅದಾದ ಮೇಲೆ ಅತ್ತಿಗೆಯೂ ಒಂದು ತೊಟ್ಟಿ ತಂದರು. ನನ್ನದಕ್ಕಿಂತ ದೊಡ್ಡದು, ಒಳಗೆ ಮೂರು ಕೆಂಪು ಗೋಲ್ಡ್ ಫಿಶ್. ಹದಿನಾಲ್ಕು ತಿಂಗಳಾದರೂ ಮೂರೂ ಗಟ್ಟಿಯಾಗಿದ್ದವು. "ನಾನೇನೂ ಮಾಡೋದೇ ಇಲ್ಲಮ್ಮ, ಆರಿದಷ್ಟು ನೀರು ಮೇಲಿಂದ ಹಾಕ್ತೀನಿ. ಪರೀಕ್ಷೆಗಿರೀಕ್ಷೆ ಎಲ್ಲ ಸುಮ್ನೆ," ಎಂದು ನನ್ನ ಮುಖಕ್ಕೇ ಹೇಳಿದರು. ಅವರು ಟೀ ತರಲು ಒಳಗೆ ಹೋದಾಗ ಒಂದು ಚಿಕ್ಕ ಬಾಟಲಿಯಲ್ಲಿ ಆ ನೀರು ತುಂಬಿ ಕೈಚೀಲಕ್ಕೆ ಹಾಕಿಕೊಂಡೆ.

ಮಾರನೆಯ ದಿನ ಲ್ಯಾಬಿನಲ್ಲಿ ಹನಿ ಹಾಕಿದೆ. ಆಮ್ಲೀಯತೆಯ ನಳಿಕೆ ತಳಮಟ್ಟದ ಹಳದಿ ತೋರಿಸಿತು, ಎಂದರೆ ನೀರು ಹುಳಿ. ಅಮೋನಿಯಾದ ನಳಿಕೆ ಕಡುಹಸಿರು, ಎಂದರೆ ವಿಷ ತುಂಬಿದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬದಲಿಸದ ನೀರು ದಿನ ಕಳೆದಂತೆ ಹುಳಿಯಾಗುತ್ತದೆ. ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಕೂಡುತ್ತ ಹೋಗುತ್ತದೆ. ಆದರೆ ಆ ಹುಳಿಯೇ ಅಮೋನಿಯಾದ ಹಲ್ಲು ಕಿತ್ತಿರುತ್ತದೆ, ಹಾಗಾಗಿ ಮೀನು ಬದುಕಿರುತ್ತದೆ. ನಮ್ಮೂರಿನ ನಲ್ಲಿ ನೀರು ಗಡಸು, ಹುಳಿಯನ್ನು ಮುರಿಯುತ್ತದೆ. ದಿನಕ್ಕೊಂದು ಚೊಂಬಿನಂತೆ ಬದಲಿಸಿದರೆ ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ. ಒಂದೇ ಸಲ ಅರ್ಧ ಬದಲಿಸಿದರೆ ಹುಳಿ ಪೂರ್ತಿ ಹೋಗುತ್ತದೆ, ಅಮೋನಿಯಾ ಅರ್ಧ ಒಳಗೇ ಉಳಿಯುತ್ತದೆ, ಮತ್ತು ಅದಕ್ಕೆ ಹಲ್ಲು ವಾಪಸ್ ಬರುತ್ತದೆ.

ಅತ್ತಿಗೆಯ ನಿವೃತ್ತಿಯ ದಿನ ಬಂತು. ಭಾನುವಾರ ಮಧ್ಯಾಹ್ನ ಶಾಲೆಯ ಟೀಚರುಗಳನ್ನೆಲ್ಲ ಮನೆಗೆ ಕರೆದಿದ್ದರು. ಶನಿವಾರ ಸಂಜೆ ಅವರ ಫೋನ್ ಬಂತು. ನನ್ನ ಗಂಡ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದರು.

"ತೊಟ್ಟಿ ಮಂಕಾಗಿದೆ ಕಣೇ. ಜನ ಬರ್ತಾರೆ. ನೀರು ಎಷ್ಟು ಬದಲಾಯಿಸ್ಲಿ? ನೀನೇ ಹೇಳು, ನೀನು ನೀರಿನವಳು."

"ಅರ್ಧ," ಎಂದೆ. "ಜಾಸ್ತಿ ಬೇಡ ಅತ್ತಿಗೆ. ನೀರಿಗೆ ಕ್ಲೋರಿನ್ ತೆಗೆಯೋ ಹನಿ ಹಾಕಿ, ಬೆಳಿಗ್ಗೆ ನಿಧಾನವಾಗಿ ಸುರೀರಿ."

ಎಷ್ಟು ಜವಾಬ್ದಾರಿಯ ಮಾತು! ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸುವಂತಿಲ್ಲ. ಗಂಡ ಒಂದು ಅಂಗಿಯನ್ನು ಅರ್ಧ ಮಡಚಿ ಹಾಗೇ ಹಿಡಿದು ನನ್ನನ್ನು ನೋಡಿದರು.

ಭಾನುವಾರ ನಾನು ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೊರಟೆ. ನೋಡಬೇಕಿತ್ತು ನನಗೆ. ನಾವು ಹೋದಾಗ ನಡುಮನೆಯ ತುಂಬ ಜನ, ಮೇಜಿನ ಮೇಲೆ ಕೇಕು, ಬಿಸ್ಕತ್ತು. ತೊಟ್ಟಿಯ ನೀರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂರು ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅತ್ತಿಗೆ ಹೊಸ ಉಡುಪಿನ ತೋಳು ಮೊಣಕೈವರೆಗೆ ಮಡಚಿ, ನೀರಿಗೆ ಕೈ ಇಳಿಸಿ, ಅಡ್ಡ ಬೀಳುತ್ತಿದ್ದ ಒಂದನ್ನು ಎತ್ತಿ ಹಿಡಿದಿದ್ದರು. ಟೀಚರುಗಳು ಸುತ್ತ ನಿಂತು ಅಯ್ಯೋ ಪಾಪ ಎನ್ನುತ್ತಿದ್ದರು.

"ಏನತ್ತಿಗೆ," ಎಂದೆ ಎಲ್ಲರಿಗೂ ಕೇಳುವಂತೆ, "ಇಡೀ ಶಾಲೆ ನೋಡ್ಕೊಂಡ್ರಿ, ಮೂರು ಮೀನು ನೋಡ್ಕೊಳ್ಳೋಕಾಗ್ಲಿಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಆಹಾ, ಆ ಕ್ಷಣದ ಸುಖವನ್ನು ಮುಚ್ಚಿಡುವುದಿಲ್ಲ. ಅಂಥ ಸುಖ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಅತ್ತಿಗೆ ಸಿಟ್ಟಾಗಲಿಲ್ಲ. ನೀರು ಸೋರುವ ಕೈಯಲ್ಲೇ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ನನ್ನ ಮೇಲೆ ನಿನಗೆ ಎಷ್ಟು ಸಿಟ್ಟಿದೆ ಅಂತ ಗೊತ್ತು. ಆಮೇಲೆ ಬೈಯಿ. ಈಗ ಇವನ್ನ ಉಳಿಸು."

"ನನ್ನ ಡುಮ್ಮಣ್ಣನ್ನ ಯಾರು ಉಳಿಸಿದ್ರು?"

"ಆ ಸ್ಪಂಜನ್ನ ನಾನು ತೊಳೀಲಿಲ್ಲ ಕಣೇ. ನನ್ನ ತಮ್ಮ ತೊಳೆದ." ಅತ್ತಿಗೆಯ ದನಿ ಮೊದಲ ಸಲ ಕೆಳಗಿಳಿದಿತ್ತು. "ನೀನು ಬರೋಷ್ಟ್ರಲ್ಲಿ ತೊಟ್ಟಿ ಪಳಪಳ ಅನ್ಬೇಕು ಅಂತ ಸ್ಪಂಜು ಸೋಪು ಹಾಕಿ ಉಜ್ಜಿದ. ನಿನ್ನ ಚೀಟಿ ಓದಿದೋನಲ್ಲ. ಮೀನು ಸತ್ತಾಗ ಬಚ್ಚಲಲ್ಲಿ ಕೂತು ಅತ್ತ. ಹೇಳ್ಬೇಡ ಅಕ್ಕ ಅಂತ ಕಾಲು ಹಿಡ್ಕೊಂಡ. ನಾನೂ ಯೋಚ್ನೆ ಮಾಡ್ದೆ. ನನ್ನ ಮೇಲೆ ನಿನಗೆ ಸಿಟ್ಟು ಬಂದ್ರೆ ವರ್ಷಕ್ಕೆ ನಾಲ್ಕು ಸಲ ಮುಖ ತಿರುಗಿಸ್ತೀಯ. ಅವನ ಮೇಲೆ ಬಂದ್ರೆ ದಿನಾ. ಅದಕ್ಕೇ ನಿನ್ನ ಸಿಟ್ಟು ನನ್ನ ಮೇಲೇ ಇರೋ ಹಾಗೆ ಎಲ್ಲರೆದುರು ಹಾಸ್ಯ ಮಾಡ್ತಾ ಬಂದೆ."

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಕಿವಿ ಕೆಂಪಗಾಗಿತ್ತು. ಸುಳ್ಳು ಎನ್ನಲಿಲ್ಲ. ಎರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ನಾನು ಅವರ ಅಕ್ಕನನ್ನು ಬೈದಾಗೆಲ್ಲ ಹೂಂಗುಟ್ಟಿದ ಮನುಷ್ಯ!

"ನೀನು ಹೇಳಿದ ಹಾಗೇ ಮಾಡಿದ್ದು," ಎಂದರು ಅತ್ತಿಗೆ. "ಸ್ಕೇಲಿಟ್ಟು ಅಳೆದು, ಗಾಜಿಗೆ ಟೇಪು ಅಂಟಿಸಿ, ಸರಿಯಾಗಿ ಅರ್ಧ ತೆಗೆದೆ. ಎಲ್ಲಿ ತಪ್ಪಿದೆ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು: "ನಿನ್ನ ತಪ್ಪೇನಿಲ್ಲ ಅಕ್ಕ. ಇವಳು ಸರಿಯಾಗೇ ಹೇಳಿದ್ಲು, ನಾನು ಪಕ್ಕದಲ್ಲೇ ಇದ್ದೆ. ಮೀನಿಗೆ ವಯಸ್ಸಾಗಿತ್ತು."

ಹೇಳಿ ನನ್ನ ಕಡೆ ನೋಡಿದರು. ಇವರಿಗೆ ಎಲ್ಲವೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಕಾಲು ಭಾಗ ದಾಟದವಳು ಅರ್ಧ ಎಂದಾಗಲೇ ಗೊತ್ತಾಗಿತ್ತು. ಈಗ ನನ್ನನ್ನು ಕಾಪಾಡುತ್ತಿದ್ದಾರೆ, ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದಾರೆ! ಇನ್ನು ಮೇಲೆ ನಾವಿಬ್ಬರೂ ಒಬ್ಬರ ಗುಟ್ಟು ಒಬ್ಬರು ಮುಚ್ಚಿಕೊಂಡು ಸುಖವಾಗಿರಬೇಕಂತೆ. ನನಗೆ ಬಂದ ಸಿಟ್ಟಿಗೆ ಹಿಂದಿನ ಎರಡು ವರ್ಷದ ಸಿಟ್ಟೆಲ್ಲ ಏನೂ ಅಲ್ಲ. ಈ ಮನುಷ್ಯನ ಹಂಗಿನಲ್ಲಿ ಒಂದು ನಿಮಿಷವೂ ಇರಬಾರದು ಅನ್ನಿಸಿತು.

"ತಪ್ಪು ನನ್ನದು ಅತ್ತಿಗೆ," ಎಂದೆ. ದನಿ ಎತ್ತಿ ಹೇಳಿದೆ, ನಡುಮನೆಯಲ್ಲಿ ಮಾತು ನಿಂತಿತು. "ನಿಮ್ಮ ನೀರು ಕದ್ದು ಪರೀಕ್ಷೆ ಮಾಡಿದ್ದೆ. ಅರ್ಧ ಬದಲಿಸಿದ್ರೆ ಮೀನು ಸಾಯುತ್ತೆ ಅಂತ ಗೊತ್ತಿದ್ದೇ ಅರ್ಧ ಅಂದೆ. ಸಾಯ್ಲಿ ಅಂತಾನೇ ಅಂದೆ." ಆಮೇಲೆ ಗಂಡನ ಕಡೆ ತಿರುಗಿದೆ. "ನೋಡಿದ್ರಾ? ಹೇಳೋಕೆ ಇಷ್ಟೇ ಹೊತ್ತು ಬೇಕಾಗೋದು."

ಅವರು ತಲೆ ತಗ್ಗಿಸಿದರು. "ಮನೆಗೆ ಹೋಗಿ ನಮ್ಮ ತೊಟ್ಟಿಯ ಸ್ಪಂಜು ತನ್ನಿ," ಎಂದೆ. "ಕೊಳೆಯಾಗಿದೆ ಅಂತ ನಲ್ಲಿ ಕೆಳಗೆ ಹಿಡೀಬೇಡಿ." ಅವರು ಓಡಿದರು.

ಹುಳಿ ಹೋದ ಮೇಲೆ ಉಳಿದ ದಾರಿ ವಿಷ ತೆಗೆಯುವುದೊಂದೇ. ಕ್ಲೋರಿನ್ ತೆಗೆದ ನೀರನ್ನು ಬಕೆಟ್ಟಿನ ಮೇಲೆ ಬಕೆಟ್ಟು ಹೊತ್ತು ತಂದು ಮೂರು ಸಲ ತೊಟ್ಟಿಯ ನೀರು ಬದಲಿಸಿದೆ. ಗಂಡ ತಂದ ಸ್ಪಂಜನ್ನು ಅದರ ಜೀವಂತ ಬ್ಯಾಕ್ಟೀರಿಯಾ ಸಮೇತ ಅತ್ತಿಗೆಯ ಫಿಲ್ಟರಿಗೆ ಹಾಕಿದೆ. ಟೀಚರುಗಳು ಕೇಕು ಮುಟ್ಟದೆ ಒಬ್ಬೊಬ್ಬರಾಗಿ ಎದ್ದು ಹೋದರು. ಸಂಜೆಯ ಹೊತ್ತಿಗೆ ಎರಡು ಮೀನು ಕೆಳಗಿಳಿದು ಈಜಿದವು. ಅತ್ತಿಗೆ ಕೈಯಲ್ಲಿ ಹಿಡಿದಿದ್ದ ಮೀನು ಸತ್ತಿತ್ತು. ಅದನ್ನು ಒಂದು ಬಿಳಿ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಅವನು ಗೊತ್ತಿಲ್ಲದೆ ಕೊಂದ," ಎಂದರು. "ನೀನು ಗೊತ್ತಿದ್ದು ಕೊಂದೆ."

ನಾನು ಖಾಲಿ ಬಕೆಟ್ಟು ಕೆಳಗಿಟ್ಟೆ.

"ನಾಳೆಯಿಂದ ಬಂದು ನೀರು ನೋಡ್ಬೇಕು. ದಿನಾ."

ಅವತ್ತಿನಿಂದ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೇನೆ. ಅತ್ತಿಗೆ ಕುರ್ಚಿ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತ ಕೂರುತ್ತಾರೆ. ಟೀ ಕೊಡುವುದಿಲ್ಲ, ಮಾತೂ ಇಲ್ಲ. ಮನೆಯಲ್ಲಿ ನಾನು ಗಂಡನಿಗೆ ಅದನ್ನೇ ಮಾಡುತ್ತಿದ್ದೇನೆ. ಮೂವತ್ತೊಂದನೆಯ ದಿನ ಅಮೋನಿಯಾದ ನಳಿಕೆಯಲ್ಲಿ ಹಸಿರಿನ ಸುಳಿವೂ ಇರಲಿಲ್ಲ.

"ಸೊನ್ನೆ ಬಂತು ಅತ್ತಿಗೆ," ಎಂದೆ. "ಇನ್ನು ಭಯ ಇಲ್ಲ."

ಅತ್ತಿಗೆ ನಳಿಕೆಯನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡಿದರು. ನನಗೆ ವಾಪಸ್ ಕೊಟ್ಟರು.

"ಇನ್ನೊಂದ್ಸಲ ಮಾಡು. ನೀನು ಹೇಳಿದ್ದನ್ನ ನಂಬೋಕಾಗಲ್ಲ."

ನಾನು ನಳಿಕೆ ತೊಳೆದು, ತೊಟ್ಟಿಗೆ ಬಾಗಿ ಮತ್ತೆ ನೀರು ತುಂಬಿಕೊಂಡೆ.